ಸೋಡಾ ಮೇಲೆ ಕೂತವನ ಹೆಬ್ಬೆರಳು

ಕುದುರೆಯ ಚಿತ್ರದಲ್ಲಿ ಜೀನಿನ ಮೇಲೆ ಕೂತವನು ಹೆಚ್ಚಿನ ಸಲ ಆ ಕುದುರೆಯನ್ನು ಪಳಗಿಸಿದವನಲ್ಲ. ಪಳಗಿಸಿದವನು ಚೌಕಟ್ಟಿನಾಚೆ ಎಲ್ಲೋ ಲದ್ದಿ ಬಾಚುತ್ತಿರುತ್ತಾನೆ. ಚಿತ್ರಕ್ಕೆ ದುಡ್ಡು ಕೊಟ್ಟವನು ಮೇಲೆ ಕೂತಿರುತ್ತಾನೆ. ರಾಜರ ಕಾಲದಿಂದಲೂ ಇದು ಹೀಗೇ ನಡೆದು ಬಂದಿದೆ, ಕಣ್ಣಿದ್ದವರಿಗೆಲ್ಲ ಗೊತ್ತಿರಬೇಕಾದ ಮಾತು. ಗೊತ್ತಿದ್ದೂ ನಾವು ಅದರ ಮುಂದೆ ನಿಂತು "ಎಷ್ಟು ಜೀವಂತವಾಗಿದೆ" ಎಂದು ತಲೆದೂಗುತ್ತೇವೆ.

ನೀಡ್ರಾ ಸ್ಟಾಲ್‌ಕಪ್‌ಗೂ ಇದು ಗೊತ್ತಿತ್ತು. ಬೇರೆ ಯಾರಿಗಿಂತಲೂ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ನನಗೆ ಅವಳ ಮೇಲೆ ಸಿಟ್ಟು.

ಅಮೆರಿಕದ ನೆವಾಡಾ ರಾಜ್ಯದ ಉತ್ತರದ ತುದಿಯಲ್ಲಿ, ಸೋಲ್ಜರ್ ವೆಲ್ಸ್ ಎಂಬ ಊರಿನಿಂದ ನಲವತ್ತು ಮೈಲಿ ಮಣ್ಣುದಾರಿ ಹಿಡಿದರೆ ಒಂದು ರಾಂಚು, ಅಂದರೆ ದನ ಸಾಕುವ ದೊಡ್ಡ ಜಮೀನು, ಸಿಗುತ್ತದೆ. ಅಲ್ಲಿನ ದನಗಳ ಎಡಪಕ್ಕೆಗೆ ಹಾಕುವ ಬರೆ ಸಾಲಾಗಿ ನಿಂತ ಮೂರು ಮೊಳೆಗಳ ಆಕಾರದ್ದು. ಹಾಗಾಗಿ ರಾಂಚಿನ ಹೆಸರೂ ಮೂರು ಮೊಳೆ. ಅಲ್ಲಿ ಇಪ್ಪತ್ತೆರಡು ವರ್ಷ ಹನ್ನೆರಡು ಸವಾರರಿಗೆ ದನದ ಮಾಂಸ, ಬೀನ್ಸ್, ಹುಳಿಹಿಟ್ಟಿನ ಬ್ರೆಡ್ಡು ಮಾಡಿ ಹಾಕಿದವಳು ನೀಡ್ರಾ. ಗಂಡ ಸತ್ತ ವರ್ಷ ಆರು ತಿಂಗಳಿಗೆಂದು ಬಂದವಳು, ಒಲೆ ಬಿಡಲಿಲ್ಲ. ಒಲೆಯ ಬಲಕ್ಕೆ ಕಿಟಕಿ, ಕಿಟಕಿಯ ಕೆಳಗೆ ಒಂದು ಹಲಗೆ ಮೇಜು, ಅದರ ಮೇಲೆ ಬಣ್ಣದ ಟ್ಯೂಬುಗಳು. ಬೀನ್ಸ್ ಬೇಯುವ ಮೂರು ತಾಸು ಅವಳ ಸ್ವಂತದ್ದು. ಆ ಮೂರು ತಾಸಿನಲ್ಲಿ ಅವಳು ಕುದುರೆ ಬರೆಯುತ್ತಿದ್ದಳು.

ಕಲಿಸಿದವರು ಯಾರೂ ಇಲ್ಲ. ಮೊದಲ ವರ್ಷ ಮೇವಿನ ಅಂಗಡಿಯ ಕ್ಯಾಲೆಂಡರ್ ನೋಡಿ ಬರೆದಳು. ಕ್ಯಾಲೆಂಡರಿನ ಕುದುರೆಗಳು ಸದಾ ನಾಲ್ಕೂ ಕಾಲು ಗಾಳಿಯಲ್ಲಿಟ್ಟು ಸೂರ್ಯಾಸ್ತದ ಕಡೆ ಓಡುತ್ತಿದ್ದವು. ಒಂದು ದಿನ ಬೆಳಗ್ಗೆ ಕಾಫಿ ಹಾಕಿಕೊಳ್ಳಲು ಬಂದ ಸವಾರ ಲೆಸ್ಟರ್ ಸ್ಯಾಮ್ ಮಗ್ಗು ಹಿಡಿದೇ ಅವಳು ಚಿತ್ರ ಬರೆಯುತ್ತಿದ್ದ ಹಲಗೆಯ ಮುಂದೆ ನಿಂತ. ಲೆಸ್ಟರ್ ಆ ಸೀಮೆಯ ಮೂಲನಿವಾಸಿಗಳಾದ ಪಾಯೂಟ್ ಜನದವನು. ಅವನ ಅಜ್ಜ ಈ ಕಣಿವೆಗೆ ಬೇಲಿ ಬರುವ ಮೊದಲೇ ಇಲ್ಲಿ ಕುದುರೆ ಓಡಿಸಿದವನು. ಲೆಸ್ಟರ್ ಆ ಹೊತ್ತಿಗೇ ಮೂರು ಮೊಳೆಯಲ್ಲಿ ಹತ್ತೊಂಬತ್ತು ವರ್ಷ ಕಳೆದಿದ್ದ.

"ಈ ಕುದುರೆಗೆ ಹಿಂದಿನ ಎಡಗಾಲು ನೋವಾ?" ಎಂದ.

"ಇಲ್ವಲ್ಲ."

"ಹಂಗಾದ್ರೆ ನಿನ್ನ ಬ್ರಷ್ಷಿಗೆ ನೋವಿರ್ಬೇಕು. ಸ್ವಲ್ಪ ಮುಲಾಮು ಹಚ್ಚು."

ಅವಳು ಕಾಲು ಅಳಿಸಿ ಮತ್ತೆ ಬರೆದಳು. ಮರುದಿನ ಅವನು ನೋಡಿ, "ಈಗ ಬಲಗಾಲಿಗೆ ಹೋಗಿದೆ ನೋವು," ಎಂದ. ಹೀಗೆ ಶುರುವಾದದ್ದು ಇಪ್ಪತ್ತೆರಡು ವರ್ಷ ನಡೆಯಿತು. ಗೊರಸಿನ ಓರೆ, ಮೊಣಕಾಲಿನ ಗಂಟು, ಕುದುರೆ ಕಿವಿ ಹಿಂದಕ್ಕೆ ಒತ್ತುವಾಗ ಕತ್ತಿನಲ್ಲಿ ಬರುವ ಸಣ್ಣ ಹಳ್ಳ, ಎಲ್ಲವನ್ನೂ ಅವಳು ಅವನನ್ನು ಕೇಳಿಯೇ ಬರೆದಳು. ಅವನ ಬಾಯಿಂದ ಚೆನ್ನಾಗಿದೆ ಎಂಬ ಮಾತು ಒಂದು ದಿನವೂ ಬರಲಿಲ್ಲ. ತೀರ ಮೆಚ್ಚಿಕೆಯಾದರೆ, "ಹ್ಞೂ, ಇವನು ನಡೀತಾನೆ," ಎನ್ನುತ್ತಿದ್ದ. ಇಪ್ಪತ್ತೆರಡು ವರ್ಷದಲ್ಲಿ ನಾಲ್ಕು ಸಲ ಅಂದಿದ್ದ. ಆ ನಾಲ್ಕೂ ಯಾವ ಚಿತ್ರ, ಯಾವ ದಿನ ಎಂದು ನೀಡ್ರಾಗೆ ಬಾಯಿಪಾಠ.

ಅವನ ಬಲಗೈಗೆ ಹೆಬ್ಬೆರಳಿರಲಿಲ್ಲ. ಕುಣಿಕೆಗೆ ಬಿದ್ದ ಹಸುವನ್ನು ನಿಲ್ಲಿಸಲು ಹಗ್ಗವನ್ನು ಜೀನಿನ ಮುಂದಿನ ಕೊಂಬಿಗೆ ಸರಕ್ಕನೆ ಸುತ್ತಬೇಕು. ಸುತ್ತುವಾಗ ಬೆರಳು ಮಧ್ಯೆ ಸಿಕ್ಕರೆ ಮುಗಿಯಿತು. ಆ ಕಡೆ ಹಳೆಯ ಸವಾರರಲ್ಲಿ ಐದು ಬೆರಳೂ ಇದ್ದವನನ್ನು ಸ್ವಲ್ಪ ಅನುಮಾನದಿಂದಲೇ ನೋಡುತ್ತಾರೆ. ಲೆಸ್ಟರ್ ಅದನ್ನು ಊಟದ ಮೇಜಿನ ಮೇಲೇ ಹೇಳಿ ನಗುತ್ತಿದ್ದ. "ಆ ಹಸು ನನ್ನ ಬೆರಳು ತಿಂತು. ಅದರ ಮರಿಮಕ್ಕಳನ್ನ ನೀಡ್ರಾ ದಿನಾ ಬೇಯಿಸ್ತಾಳೆ. ನಾನು ಇನ್ನೊಂದು ತುಂಡು ಹಾಕಿಸ್ಕೊಳ್ಳೋದ್ರಲ್ಲಿ ಏನು ತಪ್ಪಿದೆ ಹೇಳಿ."

ಇನ್ನು ಸರದ ವಿಷಯ. ಅದು ತಿಳಿಯದೆ ಮುಂದಿನದು ತಿಳಿಯುವುದಿಲ್ಲ. ರಾಂಚಿಗೆ ಸೇರಿದ ಸವಾರನಿಗೆ ಮೇಸ್ತ್ರಿ ಎಂಟು ಹತ್ತು ಕುದುರೆಗಳನ್ನು ವಹಿಸಿಕೊಡುತ್ತಾನೆ. ಅದು ಅವನ ಸರ. ಕುದುರೆ ಮಾಲೀಕನದ್ದೇ, ಬರೆ ಮಾಲೀಕನದ್ದೇ. ಆದರೆ ಸವಾರ ಅಲ್ಲಿರುವಷ್ಟು ದಿನ ಅವನ ಸರದ ಕುದುರೆಯನ್ನು ಅವನನ್ನು ಕೇಳದೆ ಮತ್ತೊಬ್ಬ ಮುಟ್ಟುವುದಿಲ್ಲ. ಮೇಸ್ತ್ರಿಯೂ ಮುಟ್ಟುವುದಿಲ್ಲ. ಒಬ್ಬನನ್ನು ಕೆಲಸದಿಂದ ತೆಗೆಯಬೇಕೆಂದರೆ ಬಾಯಿಬಿಟ್ಟು ಹೇಳಬೇಕಾಗಿಯೂ ಇಲ್ಲ. ಬೆಳಗ್ಗೆ ದೊಡ್ಡಿಯಲ್ಲಿ ಎಲ್ಲರ ಮುಂದೆ ಅವನ ಸರದ ಒಂದು ಒಳ್ಳೆಯ ಕುದುರೆಗೆ ಹಗ್ಗ ಎಸೆದು ಇನ್ನೊಬ್ಬನ ಕೈಗೆ ಕೊಟ್ಟರೆ ಸಾಕು. ಆ ಮನುಷ್ಯ ತುಟಿ ಪಿಟಕ್ಕೆನ್ನದೆ ಬಿಡಾರಕ್ಕೆ ಹೋಗಿ ಹಾಸಿಗೆ ಸುತ್ತುತ್ತಾನೆ. ನೀಡ್ರಾ ಇದನ್ನು ಮೂರು ಸಲ ಕಣ್ಣಾರೆ ಕಂಡಿದ್ದಳು. ಮೂರು ಸಲವೂ ಹಾಸಿಗೆ ಸುತ್ತಿದವನ ಕೈಗೆ ಬಟ್ಟೆಯಲ್ಲಿ ಕಟ್ಟಿದ ಬ್ರೆಡ್ಡು ಕೊಟ್ಟು ಕಳಿಸಿದ್ದಳು.

ಲೆಸ್ಟರನ ಸರದಲ್ಲಿ ಸೋಡಾ ಎಂಬ ಬೂದಿಬಣ್ಣದ ಕುದುರೆಯಿತ್ತು. ಚಳಿಯ ಬೆಳಗಿನಲ್ಲಿ ಜೀನು ಬಿಗಿದ ಕೂಡಲೇ ಬಾಟಲಿಯ ಮುಚ್ಚಳ ಕಿತ್ತ ಹಾಗೆ ಚಿಮ್ಮುತ್ತಿತ್ತು, ಅದಕ್ಕೆ ಆ ಹೆಸರು. ಹತ್ತು ನೆಗೆತ ನೆಗೆದು ಆಮೇಲೆ ಸಂಜೆಯವರೆಗೂ ದೇವರಂಥ ಕುದುರೆ. ಲೆಸ್ಟರ್ ಅದನ್ನು ಮೂರು ವರ್ಷದ ಮರಿಯಿಂದ ತಿದ್ದಿದ್ದ. ಒಂದು ಚಳಿಗಾಲ ಪೂರ್ತಿ ಕೂತು ನೀಡ್ರಾ ಬಾಗಿಲಿನಷ್ಟು ಅಗಲದ ಹಲಗೆಯ ಮೇಲೆ ಅವರಿಬ್ಬರನ್ನೂ ಬರೆದಳು. ಕಲ್ಲಿನ ದೊಡ್ಡಿಯಿಂದ ಹೊರಗೆ ಬರುತ್ತಿರುವ ಸೋಡಾ, ಅದರ ಮೇಲೆ ಲೆಸ್ಟರ್. ಹ್ಯಾಟಿನ ನೆರಳಲ್ಲಿ ಮುಖ. ಮುಂದಕ್ಕೆ ಬಂದ ಬಲಗೈಯಲ್ಲಿ ಸುರುಳಿ ಹಗ್ಗ, ನಾಲ್ಕು ಬೆರಳಿನ ಮೇಲೆ ಬೆಳಗಿನ ಬೆಳಕು.

ಲೆಸ್ಟರ್ ನೋಡಿದ. ಕಾಫಿ ಮುಗಿಸಿದ. ಮಗ್ಗು ತೊಳೆದಿಟ್ಟ, ಎಂದೂ ತೊಳೆದವನಲ್ಲ. ಬಾಗಿಲ ಹತ್ತಿರ ಹೋಗಿ ಹೇಳಿದ. "ಇವನು ನಡೀತಾನೆ."

ಅದು ಐದನೆಯ ಸಲ.

ರಾಂಚನ್ನು ನಾಲ್ಕು ವರ್ಷದ ಹಿಂದೆ ಕೊಂಡವನು ಪ್ರೆಸ್ಟನ್ ಲವಿಂಗರ್. ದೂರದ ಮಹಾನಗರದಲ್ಲಿ ಗೋದಾಮು ಬಾಡಿಗೆಗೆ ಕೊಟ್ಟು ಶ್ರೀಮಂತನಾದವನು. ಖಾಲಿ ಜಾಗ ಮಾರಿ ಬದುಕಿದವನಿಗೆ ಇಷ್ಟು ದೊಡ್ಡ ಖಾಲಿ ಜಾಗ ಕಂಡು ಆಸೆಯಾಗಿರಬೇಕು. ವರ್ಷಕ್ಕೆ ಮೂರು ವಾರ ಬರುತ್ತಿದ್ದ. ಬೆವರಿನ ಕಲೆಯಿಲ್ಲದ ಕೆನೆಬಣ್ಣದ ಹ್ಯಾಟು, ಮಣ್ಣು ಕಾಣದ ಬೂಟು. ಬಂದಾಗಲೆಲ್ಲ "ನಾವು ರಾಂಚಿನ ಜನ" ಎನ್ನುತ್ತಿದ್ದ. ಸವಾರರ ಮೇಸ್ತ್ರಿ ಡ್ವೈಟ್ ಅವನಿಗೆಂದೇ ಒಂದು ಮುದಿ ಕುದುರೆ ಇಟ್ಟಿದ್ದ. ಅದರ ಮೇಲೆ ಮಲಗಿ ನಿದ್ದೆ ಮಾಡಿದರೂ ಬೀಳುವ ಭಯವಿರಲಿಲ್ಲ. ಅದರ ಮೇಲೆ ಕೂತು ಅರ್ಧ ಗಂಟೆ ಓಡಾಡಿ, ಇಳಿದು ಅಂಗಳದಲ್ಲಿ ಕಾಲಗಲಿಸಿ ನಡೆಯುತ್ತಿದ್ದ.

ಆ ವರ್ಷದ ಬೇಸಿಗೆಯ ಕೊನೆಯಲ್ಲಿ ಅವನು ನೀರು ಕುಡಿಯಲು ಅಡುಗೆಮನೆಗೆ ಬಂದ. ಗೋಡೆಗೆ ಒರಗಿಸಿದ ಹಲಗೆ ಕಂಡಿತು.

"ಇದನ್ನ ಯಾರು ಮಾಡಿದ್ದು?"

"ನಾನೇ, ಮಿಸ್ಟರ್ ಲವಿಂಗರ್."

"ನೀವಾ? ಅಡುಗೆಯವರಲ್ವಾ ನೀವು?"

"ಅಡುಗೆನೂ ನಾನೇ. ಮಧ್ಯಾಹ್ನದ ಬೀನ್ಸ್ ಹೇಗಿತ್ತು?"

ಬೀನ್ಸಿನ ಮಾತು ಅವನ ಕಿವಿಗೆ ಹೋಗಲಿಲ್ಲ. ಸೋಲ್ಜರ್ ವೆಲ್ಸ್‌ನಲ್ಲಿ ಪ್ರತಿ ಶರತ್ಕಾಲಕ್ಕೆ ಕುದುರೆ ಚಿತ್ರಗಳ ಒಂದು ಪ್ರದರ್ಶನ ನಡೆಯುತ್ತದೆ. ಖರ್ಚು ವಹಿಸುವವರಲ್ಲಿ ಲವಿಂಗರನೂ ಒಬ್ಬ. ಈ ಚಿತ್ರವನ್ನು ಅಲ್ಲಿ ನಡುಗೋಡೆಗೆ ಹಾಕಿಸುತ್ತೇನೆ, ಆಮೇಲೆ ನನ್ನ ಅತಿಥಿಗೃಹಕ್ಕೆ ತೆಗೆದುಕೊಳ್ಳುತ್ತೇನೆ, ನಿಮ್ಮ ಹೆಸರಿನ ಚೀಟಿ ಕೆಳಗೆ ಅಚ್ಚಾಗಿರುತ್ತದೆ ಎಂದ. ಇನ್ನು ಮುಂದೆ ವರ್ಷಕ್ಕೆ ನಾಲ್ಕು ಚಿತ್ರ ಮಾಡಿಕೊಡಿ, ಅಡುಗೆಗೆ ಬೇರೆಯವರನ್ನು ನೋಡೋಣ ಎಂದ.

ನೀಡ್ರಾಳಿಗೆ ಅರವತ್ತೊಂದು. ಸೊಂಟದ ಕೀಲು ಸವೆದಿತ್ತು. ಬೀನ್ಸಿನ ಹಂಡೆ ಎತ್ತುವಾಗ ಕಣ್ಣಲ್ಲಿ ನೀರು ಬರುತ್ತಿತ್ತು. ಅವಳ ಹೆಸರು ಬದುಕಿನಲ್ಲಿ ಒಂದೇ ಸಲ ಅಚ್ಚಾಗಿತ್ತು, ಗಂಡನ ಸಾವಿನ ಸುದ್ದಿಯ ಕೊನೆಯ ಸಾಲಿನಲ್ಲಿ. ಕಲಾವಿದೆ ನೀಡ್ರಾ ಸ್ಟಾಲ್‌ಕಪ್ ಎಂಬ ಚೀಟಿಯನ್ನು ಅವಳು ಆ ರಾತ್ರಿ ಪಾತ್ರೆ ಉಜ್ಜುತ್ತ ಮನಸ್ಸಿನಲ್ಲೇ ಎಷ್ಟು ಸಲ ಓದಿಕೊಂಡಳೋ. ಇದರಲ್ಲಿ ತಪ್ಪೇನಿಲ್ಲ. ಬೆನ್ನು ಮುರಿಯುವಷ್ಟು ದುಡಿದವರಿಗೆ ಒಂದು ಚೀಟಿಯ ಆಸೆ ಇರಬಾರದು ಎನ್ನುವವರು ಹೊಟ್ಟೆ ತುಂಬಿದವರು.

ಲೆಸ್ಟರ್ ಮರುದಿನವೇ ಬೆಟ್ಟಕ್ಕೆ ಹೊರಡುವವನಿದ್ದ. ಚಳಿಗೆ ಮೊದಲು ದನ ಇಳಿಸಲು ಮೂರು ನಾಲ್ಕು ವಾರ ಅಲ್ಲೇ ಡೇರೆ. ಅವಳು ಅವನಿಗೆ ಸುದ್ದಿ ಹೇಳಿದಳು.

"ಸೋಲ್ಜರ್ ವೆಲ್ಸ್‌ನಲ್ಲಿ ನಿನ್ನ ತೂಗುಹಾಕ್ತಾರಂತೆ ಕಣೋ ಲೆಸ್ಟರ್. ನಡುಗೋಡೆಗೆ."

"ಆ ಊರವರು ನಮ್ಮ ಜನರನ್ನ ಹಿಂದೇನೂ ತೂಗುಹಾಕಿದ್ರು. ಆಗ ಚೌಕಟ್ಟು ಕೊಟ್ಟಿರ್ಲಿಲ್ಲ."

"ಬರ್ತೀಯಾ ನೋಡೋಕೆ?"

"ಅಂಗಿ ಇಸ್ತ್ರಿ ಮಾಡಿಡು. ಬರ್ತೀನಿ."

ಅವನು ಹೋದ ಮೂರನೆಯ ದಿನ ಲವಿಂಗರ್ ಮತ್ತೆ ಬಂದ. ಜೊತೆಗೆ ಪ್ರದರ್ಶನ ನೋಡಿಕೊಳ್ಳುವ ಸೆಲೆಸ್ಟ್ ಎಂಬ ಹೆಂಗಸು. ಕೊರಳಲ್ಲಿ, ಕಿವಿಯಲ್ಲಿ, ಬೆರಳಲ್ಲಿ ಮೊಟ್ಟೆಗಾತ್ರದ ನೀಲಿ ಕಲ್ಲುಗಳು. ಅವುಗಳನ್ನು ಕಟ್ಟಿಕೊಟ್ಟವರ ಜಾತಿ ಕುಲ ಯಾವುದೆಂದು ಕೇಳಿದರೆ ಅವಳಿಗೆ ಗೊತ್ತಿರಲಿಲ್ಲ ಬಿಡಿ. ಅವಳು ಹಲಗೆಯ ಮುಂದೆ ತಲೆ ಓರೆ ಮಾಡಿ ನಿಂತಳು.

"ಕುದುರೆ ಅದ್ಭುತ. ಆದ್ರೆ ಸವಾರ ಸ್ವಲ್ಪ... ಕತ್ತಲಾಗಿಬಿಟ್ಟಿದ್ದಾನೆ. ನೋಡೋರು ತಮ್ಮನ್ನ ಅಲ್ಲಿ ಕೂರಿಸ್ಕೊಳ್ಳೋ ಹಾಗಿರಬೇಕು. ಇವನ ಜಾಗದಲ್ಲಿ ಅವರಿಗೆ ಕೂರೋಕಾಗಲ್ಲ."

ಲವಿಂಗರ್ ನಕ್ಕ. "ನೀಡ್ರಾ, ಒಂದು ಸಣ್ಣ ಬದಲಾವಣೆ. ಮುಖ, ಹ್ಯಾಟು. ಅಷ್ಟೇ. ರಾಂಚು ನನ್ನದು, ಕುದುರೆ ನನ್ನದು. ನಾನೇ ಕೂತ್ರೆ ಸರಿಯಲ್ವಾ? ನನ್ನ ಫೋಟೋ ಕಳಿಸ್ತೀನಿ."

"ಅದು ಲೆಸ್ಟರ್ ಕುದುರೆ," ಎಂದಳು ನೀಡ್ರಾ.

"ಲೆಸ್ಟರ್ ಅಂದ್ರೆ?"

ನೀಡ್ರಾ ಒಲೆಯ ಕಡೆ ತಿರುಗಿ ಬೀನ್ಸ್ ಒಮ್ಮೆ ತಿರುವಿದಳು. ಆಮೇಲೆ, "ಯಾವಾಗ ಬೇಕು?" ಎಂದಳು.

ನಮ್ಮಂಥವರು ಹೀಗೇ ಮಾರಿಕೊಳ್ಳುವುದು. ದೊಡ್ಡ ಮೋಸಕ್ಕೆ ಯಾರೂ ಒಪ್ಪುವುದಿಲ್ಲ, ಹಾಗಾಗಿ ಅದನ್ನು ತುಂಡು ಮಾಡಿ ಕೇಳುತ್ತಾರೆ. ಇಡೀ ಮನುಷ್ಯನನ್ನು ಅಳಿಸು ಎಂದಿದ್ದರೆ ನೀಡ್ರಾ ಸೌಟು ತೋರಿಸಿ ಹೊರಗೆ ಕಳಿಸುತ್ತಿದ್ದಳು. ಮುಖ, ಹ್ಯಾಟು, ಅಷ್ಟೇ ಎಂದರು. ಅವಳು ತನಗೆ ತಾನೇ ಹೇಳಿಕೊಂಡ ಸಮಾಧಾನವೂ ಅದೇ ಅಳತೆಯದ್ದು. ಇದು ದೊಡ್ಡಿಯಲ್ಲ, ಹಲಗೆ. ಬಣ್ಣಕ್ಕೆ ಸರ ಇಲ್ಲ. ಬೆಟ್ಟದಿಂದ ಬಂದ ಮೇಲೆ ಲೆಸ್ಟರಿಗೆ ಹೇಳಿದರಾಯಿತು, ಅವನು ಒಂದು ಜೋಕು ಹೊಡೆದು ಕಾಫಿ ಕುಡಿಯುತ್ತಾನೆ.

ಮೂರು ದಿನ ಬೀನ್ಸ್ ಬೇಯುವ ಹೊತ್ತಿನಲ್ಲಿ ಅವಳು ಲೆಸ್ಟರನ ಮುಖದ ಮೇಲೆ ಲವಿಂಗರನ ಮುಖ ಬರೆದಳು. ನೆರಳು ತೆಗೆದಳು. ಗಲ್ಲ ಚೌಕ ಮಾಡಿದಳು. ಕಣ್ಣಿಗೆ ಸ್ವಲ್ಪ ದೂರದ ನೋಟ ಕೊಟ್ಟಳು, ದೂರದಲ್ಲಿ ಏನೂ ಕಾಣದವರು ಫೋಟೋಗೆ ಕೊಡುವಂಥದ್ದು. ಬೆನ್ನು ಮಾತ್ರ ಅವಳ ಕೈಯಲ್ಲಿ ಬದಲಾಗಲಿಲ್ಲ. ಲವಿಂಗರ್ ಜೀನಿನ ಮೇಲೆ ಗೋಣಿಚೀಲದ ಹಾಗೆ ಕೂರುತ್ತಾನೆ. ಹಾಗೆ ಬರೆದರೆ ಸೋಡಾ ನಡೆಯುವುದಿಲ್ಲ, ಕುಸಿಯುತ್ತದೆ. ಅದಕ್ಕೆ ಲೆಸ್ಟರನ ಬೆನ್ನು ಅಲ್ಲೇ ಉಳಿಯಿತು. ಕೈಯೂ ಉಳಿಯಿತು. ಬೇಕೆಂದೇ ಉಳಿಸಿದಳೋ, ಮರೆತಳೋ, ಆಮೇಲೆ ಕೇಳಿದಾಗ ಅವಳಿಗೇ ಹೇಳಲಾಗಲಿಲ್ಲ.

ಪ್ರದರ್ಶನದ ದಿನ ಸೋಲ್ಜರ್ ವೆಲ್ಸ್‌ನ ಸಭಾಭವನ ತುಂಬಿತ್ತು. ಅರವತ್ತು ಎಪ್ಪತ್ತು ಚಿತ್ರ. ಬಹುಪಾಲಿನಲ್ಲಿ ಅದೇ ಸೂರ್ಯಾಸ್ತ, ಅದೇ ಒಂಟಿ ಸವಾರ, ಅದೇ ಧೂಳು. ಹುಲ್ಲು ಕಟ್ಟುವವರಿಲ್ಲ, ಬಸುರಿ ಹಸುವಿನ ಹೊಟ್ಟೆಯಲ್ಲಿ ಮೊಣಕೈವರೆಗೆ ಕೈ ಹಾಕಿದವರಿಲ್ಲ, ಬಿಡಾರದ ಹಿಂದೆ ಒಣಗಿಹಾಕಿದ ಒಳಚಡ್ಡಿಗಳಿಲ್ಲ. ಬದುಕನ್ನು ಕಳೆದು ಉಳಿದದ್ದನ್ನು ಗೋಡೆಗೆ ಹಾಕಿದ್ದರು. ಹೊರಗಿನಿಂದ ಬಂದವರು ವೈನಿನ ಗ್ಲಾಸು ಹಿಡಿದು "ಅಪ್ಪಟ" ಎಂಬ ಪದವನ್ನು ಆಡುತ್ತ ಓಡಾಡುತ್ತಿದ್ದರು. ಅಪ್ಪಟ ಎಂಬುದು ಅಲ್ಲಿ ಬೂಟಿನ ಬಣ್ಣಕ್ಕೂ ಬೀಳುತ್ತಿತ್ತು, ಚೀಸಿನ ತುಂಡಿಗೂ ಬೀಳುತ್ತಿತ್ತು.

ನಡುಗೋಡೆಯ ಮೇಲೆ ಸೋಡಾ. ಕೆಳಗೆ ಚೀಟಿ. ನೀಡ್ರಾ ಹೊಸ ನೀಲಿ ಲಂಗ ತೊಟ್ಟು ಪಕ್ಕದಲ್ಲಿ ನಿಂತಿದ್ದಳು. ಮೊದಲು ನಕ್ಕವನು ಲಾಳ ಕಟ್ಟುವ ಗಸ್.

"ಮಿಸ್ಟರ್ ಲವಿಂಗರ್ ಹೆಬ್ಬೆರಳು ಯಾವಾಗ ಕಳ್ಕೊಂಡ್ರು?" ಎಂದು ಮೇವಿನ ಅಂಗಡಿಯವನನ್ನು ಕೇಳಿದ, ಎಲ್ಲರಿಗೂ ಕೇಳಿಸುವ ಹಾಗೆ.

"ಚೆಕ್ಕು ಹರಿಯೋವಾಗ ಸಿಕ್ಕಾಕ್ಕೊಂಡಿರಬೇಕು."

"ಕೈ ಕುಲುಕಿದ್ನಲ್ಲೋ ಬೆಳಗ್ಗೆ, ಐದೂ ಇತ್ತು."

"ಊರಿಗೆ ಬರೋವಾಗ ಹಾಕ್ಕೊಂಡು ಬರ್ತಾರೇನೋ, ಹಲ್ಲಿನ ಸೆಟ್ಟಿನ ಥರ."

ನಗು ಗೋಡೆಯುದ್ದಕ್ಕೂ ಹರಡಿತು. ಹೊರಗಿನವರಿಗೆ ಅರ್ಥವಾಗದೆ ಅವರೂ ಸ್ವಲ್ಪ ನಕ್ಕರು. ನೀಡ್ರಾ ಆಗ ಕೈ ನೋಡಿದಳು. ಬೆಳಕು ಬಿದ್ದ ನಾಲ್ಕು ಬೆರಳು. ಊರಿನ ಪ್ರತಿಯೊಬ್ಬನಿಗೂ ಗೊತ್ತಿರುವ ಕೈ.

ಅದೇ ಹೊತ್ತಿಗೆ ಲೆಸ್ಟರ್ ಬಾಗಿಲಲ್ಲಿ ಕಂಡ. ಬೆಟ್ಟದಿಂದ ಇಳಿದು, ಬಿಡಾರದಲ್ಲಿ ಅಂಗಿ ಬದಲಿಸಿ ಬಂದಿದ್ದ. ಅವಳೇ ಇಸ್ತ್ರಿ ಮಾಡಿಟ್ಟ ಬಿಳಿ ಅಂಗಿ, ಕೊರಳಿಗೆ ಕೆಂಪು ರೇಷ್ಮೆ ವಸ್ತ್ರ, ಕೈಯಲ್ಲಿ ಹ್ಯಾಟು. ಅವನನ್ನು ಕಂಡು ಗಸ್ ನಗು ನುಂಗಿದ. ಮೇವಿನ ಅಂಗಡಿಯವನು ನೆಲ ನೋಡಿದ. ಅವರು ಬಿಟ್ಟ ದಾರಿಯಲ್ಲಿ ಲೆಸ್ಟರ್ ಚಿತ್ರದ ಮುಂದೆ ಬಂದು ನಿಂತ. ದಿನಾ ಬೆಳಗ್ಗೆ ನಿಲ್ಲುತ್ತಿದ್ದ ಹಾಗೆಯೇ, ಮಗ್ಗಿನ ಬದಲು ಹ್ಯಾಟು ಹಿಡಿದು.

ಲವಿಂಗರ್ ಕೈ ಚಾಚಿಕೊಂಡು ಬಂದ. "ನಮಸ್ಕಾರ. ನಾವು ಮೊದಲು ಎಲ್ಲಾದ್ರೂ ಭೇಟಿಯಾಗಿದ್ದೀವಾ?"

ಲೆಸ್ಟರ್ ಹೆಬ್ಬೆರಳಿಲ್ಲದ ಕೈಯನ್ನೇ ಕೊಟ್ಟ. "ನಾಲ್ಕು ವರ್ಷದಿಂದ," ಎಂದ.

ಲವಿಂಗರ್ ಕೈ ಕುಲುಕಿದ. ಕೈಯಲ್ಲಿ ಏನು ಕಡಿಮೆಯಿದೆ ಎಂದು ಅವನ ಕೈಗೂ ತಿಳಿಯಲಿಲ್ಲ. ಚಿತ್ರದಲ್ಲೇ ಆ ಮುಖ ಕತ್ತಲಾಗಿದೆ ಎಂಬ ಮಾತಿಗೆ ನಕ್ಕವನು, ಎದುರಿಗೆ ಬಂದಾಗ ಹೇಗೆ ಗುರುತು ಹಿಡಿದಾನು. ಇನ್ಯಾರನ್ನೋ ಮಾತಾಡಿಸಲು ಹೋದ.

"ಲೆಸ್ಟರ್, ನಾನು ಹೇಳ್ಬೇಕು ಅಂತಿದ್ದೆ," ಎಂದಳು ನೀಡ್ರಾ.

"ಸೋಡಾನ ನನ್ನ ಸರದಿಂದ ತೆಗೆದ್ರು ಅನ್ನು."

"ಇದು ಚಿತ್ರ ಕಣೋ. ಬರೀ ಬಣ್ಣ. ಸೋಡಾ ಅಲ್ಲೇ ಇದೆ, ನಿನ್ನ ಕುದುರೇನೇ."

"ದೊಡ್ಡಿಲಿ ತೆಗೆದಿದ್ರೆ ಹನ್ನೆರಡು ಜನ ನೋಡ್ತಿದ್ರು ನೀಡ್ರಾ. ಇಲ್ಲಿ ಊರೇ ನೋಡ್ತಿದೆ."

"ನಾನೇನು ಮೇಸ್ತ್ರಿಯಾ? ನನ್ನ ಕೈಲಿ ಹಗ್ಗ ಇಲ್ಲ."

"ನಿನ್ನ ಕೈಲಿ ಬ್ರಷ್ಷಿತ್ತು." ಅವನು ಇನ್ನೊಮ್ಮೆ ಕುದುರೆಯ ಕಾಲು ನೋಡಿದ. ಅಭ್ಯಾಸ. "ಕಾಲು ಸರಿ ಇದೆ," ಎಂದು ಹ್ಯಾಟು ಹಾಕಿಕೊಂಡು ಹೊರಟುಹೋದ.

ಇಷ್ಟರಲ್ಲಿ ಯಾರೋ ಲವಿಂಗರನ ಕಿವಿಯಲ್ಲಿ ಬೆರಳಿನ ವಿಷಯ ಊದಿದ್ದರು. ಅವನು ಚಿತ್ರದ ಹತ್ತಿರ ಮುಖವಿಟ್ಟು ಎಣಿಸಿದ. ಕೆಂಪಾದ.

"ನೀಡ್ರಾ, ಇದನ್ನ ಈಗಲೇ ಸರಿ ಮಾಡಿ. ಒಂದು ಹೆಬ್ಬೆರಳು. ಬಣ್ಣ ಸೆಲೆಸ್ಟ್ ಕೊಡ್ತಾಳೆ."

"ಆ ಕೈ ನಿಮ್ಮದಲ್ಲ."

"ಮುಖ ನಂದು ಅಂದ್ಮೇಲೆ ಕೈನೂ ನಂದೇ ತಾನೇ?"

"ಮುಖಾನೂ ನಿಮ್ಮದಾಗ್ಬಾರ್ದಿತ್ತು. ನಾನು ಬರೆಯಲ್ಲ."

ಇಲ್ಲಿ ಚಪ್ಪಾಳೆ ತಟ್ಟಬೇಡಿ. ಮುಖ ಕೊಟ್ಟು ಹೆಬ್ಬೆರಳು ಉಳಿಸಿಕೊಂಡದ್ದು ಧೈರ್ಯವಲ್ಲ. ಮನೆಗೆ ಬೆಂಕಿ ಬಿದ್ದ ಮೇಲೆ ಬಾಗಿಲ ಚಿಲಕ ಹಾಕಿದ ಜಾಣತನ ಅದು. ಅವಳು ಬರೆಯದಿದ್ದರೆ ಏನಾಯಿತು, ಆ ಭವನದಲ್ಲಿ ಸೂರ್ಯಾಸ್ತ ಬರೆಯುವವರಿಗೆ ಬರವಿರಲಿಲ್ಲ. ಗುಂಗುರು ಮೀಸೆಯ ಒಬ್ಬ ಚಿತ್ರಕಾರ ಹತ್ತೇ ನಿಮಿಷದಲ್ಲಿ ಗುಲಾಬಿಬಣ್ಣದ ಒಂದು ಹೆಬ್ಬೆರಳು ಅಂಟಿಸಿದ. ಮೂಲಂಗಿಯ ಹಾಗಿತ್ತು. ಲವಿಂಗರ್ ಅವನ ಬೆನ್ನು ತಟ್ಟಿದ.

ನೀಡ್ರಾ ನಲವತ್ತು ಮೈಲಿ ಮಣ್ಣುದಾರಿಯನ್ನು ಪಿಕಪ್ಪಿನಲ್ಲಿ ಎಷ್ಟು ಬೇಗ ಓಡಿಸಬಹುದೋ ಅಷ್ಟು ಬೇಗ ಓಡಿಸಿದಳು. ಬಿಡಾರದ ಬಾಗಿಲು ತೆರೆದಿತ್ತು. ಲೆಸ್ಟರನ ಮಂಚದ ಮೇಲೆ ಹಾಸಿಗೆ ಇರಲಿಲ್ಲ, ತಂತಿಯ ಜಾಲರಿಯಷ್ಟೇ ಇತ್ತು. ಗೋಡೆಯ ಮೊಳೆಗೆ ಬಿಳಿ ಅಂಗಿ ತೂಗುತ್ತಿತ್ತು. ದೊಡ್ಡಿಯ ಹತ್ತಿರ ಮೇಸ್ತ್ರಿ ಡ್ವೈಟ್ ಬೇಲಿಗೆ ಒರಗಿ ನಿಂತಿದ್ದ.

"ಹೋದ," ಎಂದ. "ನಾನು ಹೇಳ್ದೆ ಅವನಿಗೆ, ನಾನು ತೆಗೆದಿಲ್ಲ ಮಾರಾಯ, ನಿನ್ನ ಸರ ಪೂರ್ತಿ ಇಲ್ಲೇ ಇದೆ ಅಂತ. ಅದಕ್ಕವನು, ನಿನ್ನ ಮೇಲೆ ಸಿಟ್ಟಿಲ್ಲ ಡ್ವೈಟ್, ಆದ್ರೆ ತೆಗೆದಾಗಿದೆ ಅಂದ."

"ಬ್ರೆಡ್ಡು?"

"ಏನು?"

"ಬ್ರೆಡ್ಡು ತಗೊಂಡು ಹೋದ್ನಾ?"

ಡ್ವೈಟ್ ಅವಳ ಮುಖ ನೋಡಿದ. ಆಮೇಲೆ ಬೆಟ್ಟದ ಕಡೆ ತಿರುಗಿದ. ನಲವತ್ತೊಂದು ವರ್ಷ ಅಲ್ಲಿ ದುಡಿದವನು ಖಾಲಿ ಕೈಯಲ್ಲಿ ಹೋಗಿದ್ದ. ಕಟ್ಟಿಕೊಡಬೇಕಾದವಳು ಹೆಸರಿನ ಚೀಟಿಯ ಪಕ್ಕ ನಿಂತಿದ್ದಳು.

ಸೋಡಾ ಏನಾಯಿತು ಎಂದು ಕೇಳುವಿರಿ. ಡ್ವೈಟ್ ಅದನ್ನು ಒಬ್ಬೊಬ್ಬರಿಗೂ ವಹಿಸಲು ನೋಡಿದ. ಮೊದಲನೆಯವನು ನನ್ನ ಸರ ತುಂಬಿದೆ ಎಂದ. ಎರಡನೆಯವನು ಬೂದಿಬಣ್ಣ ತನಗೆ ಆಗಿಬರುವುದಿಲ್ಲ ಎಂದ. ಮೂರನೆಯವನು ನೆಪ ಹುಡುಕುವ ಗೋಜಿಗೂ ಹೋಗದೆ ಎದ್ದು ನಡೆದ. ಬಾಯಿಬಿಟ್ಟು ಯಾರೂ ನ್ಯಾಯದ ಮಾತಾಡಲಿಲ್ಲ. ಆದರೆ ಆ ಕುದುರೆಯ ಬೆನ್ನ ಮೇಲೆ ಜೀನು ಬೀಳಲಿಲ್ಲ. ಲವಿಂಗರ್ ಒಂದು ಸಲ ತಾನೇ ಹತ್ತುತ್ತೇನೆ ಎಂದನಂತೆ. ಬೆಳಗಿನ ಚಳಿಯಲ್ಲಿ ಹತ್ತಿದರೆ ಮಜಾ ಇರುತ್ತದೆ ಎಂದು ಡ್ವೈಟ್ ತುಂಬ ವಿನಯದಿಂದ ಹೇಳಿದ ಮೇಲೆ ಫೋಟೋ ತೆಗೆಸಿಕೊಂಡು ಸುಮ್ಮನಾದ.

ನೀಡ್ರಾ ಆ ವಾರವೇ ರಾಂಚು ಬಿಟ್ಟಳು. ಈಗ ಸೋಲ್ಜರ್ ವೆಲ್ಸ್‌ನ ಶಾಲೆಯಲ್ಲಿ ಮಕ್ಕಳಿಗೆ ಸೂಪು ಬಡಿಸುತ್ತಾಳೆ. ಸೊಂಟ ಇನ್ನೂ ನೋಯುತ್ತದೆ. ಹಿಮ ಕರಗಿದ ಮೇಲೆ, ರಾಂಚಿನ ಹುಲ್ಲುಗಾವಲಿನ ಬೇಲಿಯಾಚೆ ಗಾಡಿ ನಿಲ್ಲಿಸಿ ನೋಡಿ ಬಂದು, ಸೋಡಾವನ್ನು ಒಂದು ಸಣ್ಣ ಹಲಗೆಯ ಮೇಲೆ ಬರೆದಳು. ಒಂದೇ ಕುದುರೆ, ಸವಾರನಿಲ್ಲ. ಬಟ್ಟೆಯಲ್ಲಿ ಸುತ್ತಿ, ಜೊತೆಗೆ ನಾಲ್ಕು ಬ್ರೆಡ್ಡು ಕಟ್ಟಿಕೊಂಡು, ಪಾಯೂಟ್ ಜನರ ಊರಿನಲ್ಲಿ ಲೆಸ್ಟರ್ ಇದ್ದ ಅವನ ತಂಗಿಯ ಮನೆಗೆ ಹೋದಳು. ಲೆಸ್ಟರ್ ಅಂಗಳದಲ್ಲಿ ನೆರೆಯವರ ಒಂದು ಮರಿಕುದುರೆಗೆ ಕಡಿವಾಣದ ಅಭ್ಯಾಸ ಮಾಡಿಸುತ್ತಿದ್ದ. ಕಟ್ಟಿಹಾಕಿ ಬಂದ. ಬ್ರೆಡ್ಡು ತೆಗೆದುಕೊಂಡ. ಮೆಟ್ಟಿಲ ಮೇಲೆ ಕೂತು ಹಲಗೆಯನ್ನು ಮೊಣಕಾಲ ಮೇಲಿಟ್ಟುಕೊಂಡ.

"ಯಾರೂ ಹತ್ತಿಲ್ವಾ?"

"ಯಾರೂ ಇಲ್ಲ."

"ಹೊಟ್ಟೆ ಬಂದಿದೆ ಕಳ್ಳನಿಗೆ."

ಅವಳು ನಗಲು ಹೋದಳು, ಆಗಲಿಲ್ಲ. "ಲೆಸ್ಟರ್, ಆ ದಿನ ನಾನು..."

"ಕಾಲು ಬರೆಯೋಕೆ ನನ್ನ ಕೇಳ್ತಿದ್ದೆ ನೀನು," ಎಂದ ಲೆಸ್ಟರ್. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. "ಗೊರಸಿಗೆ ಕೇಳ್ತಿದ್ದೆ. ಬಾಲದ ಕೂದಲು ಯಾವ ಕಡೆ ತಿರುಗುತ್ತೆ ಅಂತ ಬೆಳಗಿನ ಜಾವ ಎಬ್ಬಿಸಿ ಕೇಳಿದ್ದೀಯ. ಇಪ್ಪತ್ತೆರಡು ವರ್ಷ. ನನ್ನ ಮುಖಕ್ಕೆ ಮಾತ್ರ ಕೇಳ್ಲಿಲ್ಲ."

ಅಂಗಳದ ಮರಿಕುದುರೆ ಕಡಿವಾಣ ಅಗಿಯುತ್ತಿತ್ತು.

"ಕೇಳಿದ್ರೆ ಬೇಡ ಅಂತಿದ್ಯಾ?" ಎಂದಳು ಕೊನೆಗೆ.

"ಗೊತ್ತಿಲ್ಲ. ನಿನ್ನ ಸೊಂಟ ನೋಡಿ ಹ್ಞೂ ಅಂದುಬಿಡ್ತಿದ್ನೇನೋ. ಈಗ ಹೇಗೆ ಹೇಳ್ಲಿ."

ಹಲಗೆಯನ್ನು ಇನ್ನೂ ಸ್ವಲ್ಪ ಹೊತ್ತು ನೋಡಿದ. ಗೊರಸು ನೋಡಿದ, ಮೊಣಕಾಲು ನೋಡಿದ, ಕತ್ತಿನ ಹಳ್ಳದ ಮೇಲೆ ಹೆಬ್ಬೆರಳಿಲ್ಲದ ಕೈಯ ತೋರುಬೆರಳು ಆಡಿಸಿದ. ಬಟ್ಟೆ ಸುತ್ತಿ ಅವಳಿಗೆ ವಾಪಸು ಕೊಟ್ಟ.

"ತಪ್ಪೇನೂ ಇಲ್ಲ ಇದ್ರಲ್ಲಿ. ಆದ್ರೆ ಇವನು ನಡೆಯಲ್ಲ ನೀಡ್ರಾ. ನಿಂತಿದ್ದಾನೆ."

ದೊಡ್ಡ ಹಲಗೆ ಲವಿಂಗರನ ಅತಿಥಿಗೃಹದಲ್ಲಿ ಬೆಂಕಿಗೂಡಿನ ಮೇಲೆ ತೂಗುತ್ತಿದೆ. ಅತಿಥಿಗಳು ಅದರ ಕೆಳಗೆ ಕಾಲು ಚಾಚಿ ಕೂತು ಮಾಲೀಕನ ನಿಲುವನ್ನು ಹೊಗಳುತ್ತಾರೆ. ಬೆನ್ನು ಲೆಸ್ಟರನದ್ದು, ಕೈ ಲೆಸ್ಟರನದ್ದು, ಮೂಲಂಗಿ ಯಾರದೋ. ಹೊಗಳಿಕೆ ಪೂರ್ತಿ ಮುಖಕ್ಕೆ ಹೋಗುತ್ತದೆ. ಒಬ್ಬನಾದರೂ ಕೇಳಿದ್ದುಂಟೇ, ಈ ಕುದುರೆ ಯಾರ ಸರದ್ದು ಎಂದು? ಕೇಳಿಲ್ಲ. ಚಂದ ನೋಡುವವರಿಗೆ ಪ್ರಶ್ನೆ ಕೇಳುವ ಹೊರೆ ಇಲ್ಲ ಎಂಬುದು ನಮ್ಮೆಲ್ಲರ ಅನುಕೂಲದ 'ರಸಿಕತೆ'.

ನಿಮ್ಮ ಮನೆಯ ಗೋಡೆಯ ಮೇಲೂ ಒಂದು ಕುದುರೆ ಇರಬಹುದು. ಕುದುರೆಯಲ್ಲದಿದ್ದರೆ ಎತ್ತು, ದೋಣಿ, ನೇಗಿಲು, ತಲೆಯ ಮೇಲೆ ಕೊಡ ಹೊತ್ತ ಹೆಂಗಸು. ದುಡ್ಡು ಕೊಟ್ಟು ತಂದು, ಸೋಫಾದ ಬಣ್ಣಕ್ಕೆ ಹೊಂದುತ್ತದೆಂದು ಹಾಕಿದ್ದೀರಿ. ಈಗ ಎದ್ದು ಹೋಗಿ. ಅದರ ಮುಂದೆ ನಿಂತು ಮುಖ ಬಿಟ್ಟು ಕೈ ನೋಡಿ. ಮಾರಿದವರ ಹತ್ತಿರ ಹೋಗಿ ಆ ಕೈ ಯಾರದ್ದು, ಹೆಸರೇನು, ಬರೆಯುವ ಮೊದಲು ಅವರನ್ನು ಕೇಳಿದ್ದರೇ ಎಂದು ಕೇಳಿ. ಉತ್ತರ ಸಿಗುವವರೆಗೆ ಆ ಚಿತ್ರವನ್ನು ಗೋಡೆಗೆ ಮುಖಮಾಡಿ ತಿರುಗಿಸಿಡಿ.